ಕಾಪು ಹಿಡಿಯದವಳು

ರಾಯಚೂರು, ನೆಲದಡಿಯ ಓಣಿ
ಬೇಸಿಗೆಯ ಇನ್ನೂರನೆಯ ದಿನ, 2291

ಇಲಿಗಳ ಮೂತ್ರಪಿಂಡವನ್ನು ಅಲ್ಟ್ರಾಸೌಂಡಿನಲ್ಲಿ ನೋಡುತ್ತಾ ಕುಳಿತಿರುವ ತಾಯಿಗೆ ಬಸಲಿಂಗಮ್ಮನ ನಮಸ್ಕಾರ.

ನಿಮ್ಮ ಹೆಸರು ನಮ್ಮ ಕಾಲದವರೆಗೆ ಉಳಿದು ಬಂದಿಲ್ಲ, ಕ್ಷಮಿಸಿ. ತಾರೀಕು ನೋಡಿ ನಗಬೇಡಿ, ನಮ್ಮಲ್ಲಿ ಬೇಸಿಗೆ ಅಷ್ಟು ಉದ್ದ. ನಿಮಗೆ ತಿಳಿಯದ ಪದ ಬಂದರೆ ಅಲ್ಲಲ್ಲೇ ಬಿಡಿಸಿ ಹೇಳುತ್ತೇನೆ. ಹೊಟ್ಟೆಕಿಚ್ಚು ಎಂಬ ಪದವನ್ನು ಮಾತ್ರ ಬಿಡಿಸಬೇಕಾಗಿಲ್ಲ ಅಂದುಕೊಂಡಿದ್ದೇನೆ. ಈ ಕಾಗದ ಬರೆಸುತ್ತಿರುವುದೇ ಅದು.

ಇಲ್ಲಿನ ಬಿಸಿಲಿಗೆ ಒಂದೇ ಮಧ್ಯಾಹ್ನದಲ್ಲಿ ಮೂತ್ರಪಿಂಡ ಕೆಡುತ್ತದೆ. ಅದಕ್ಕೇ ಬೇಸಿಗೆಗೆ ಮೊದಲು ಎಲ್ಲರೂ ‘ಕಾಪು’ ಕುಡಿಯುತ್ತೇವೆ. ನೀವು ಈಗ ಇಲಿಗಳಿಗೆ ಕೊಟ್ಟು ಪರೀಕ್ಷಿಸುತ್ತಿರುವ ಔಷಧದಿಂದಲೇ ಮುಂದೆ ಅದು ಹುಟ್ಟಿತು. ಕುಡಿದವರು ತುಸು ಹೊತ್ತು ಬಿಸಿಲಲ್ಲಿ ನಿಂತು ಬಂದ ಮೇಲೆ ‘ಹೊಳಪು ನೋಡುವ’ ಶಾಸ್ತ್ರ. ನೆತ್ತರಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳನ್ನು ಬಿಟ್ಟು, ಬೆನ್ನಿಗೆ ತಣ್ಣನೆಯ ಜೆಲ್ ಸವರಿ, ಅಲ್ಟ್ರಾಸೌಂಡಿನ ಪ್ರೋಬ್ ಇಡುತ್ತೇವೆ. ನೆತ್ತರು ಮೂತ್ರಪಿಂಡದ ಅಂಚಿನವರೆಗೂ ಹರಿದರೆ ಪರದೆಯ ಮೇಲೆ ಅದು ಪೂರ್ತಿ ಹೊಳೆಯುತ್ತದೆ. ಕಾಪು ಹಿಡಿದಿದೆ, ಮೇಲೆ ಹೋಗಬಹುದು ಎಂದರ್ಥ. ಅಂಚು ಕಪ್ಪಾಗಿಯೇ ಉಳಿದವರು ಬೇಸಿಗೆ ಮುಗಿಯುವವರೆಗೆ ನೆಲದಡಿಯಲ್ಲೇ ಇರಬೇಕು. ಪ್ರೋಬನ್ನು ಯಂತ್ರದ ಕೈಗೆ ಕೊಡುವುದಿಲ್ಲ, ಒಡಹುಟ್ಟಿದವರೇ ಹಿಡಿಯಬೇಕು. ಕೆಟ್ಟ ಸುದ್ದಿಯನ್ನು ಹೊರಗಿನವರ ಬಾಯಿಂದ ಕೇಳಬಾರದೆಂದು ಹಿರಿಯರು ಮಾಡಿದ ಪದ್ಧತಿ. ಒಡಹುಟ್ಟಿದವಳ ಒಳ್ಳೆಯ ಸುದ್ದಿಯನ್ನು ನಾವೇ ಅವಳಿಗೆ ಹೇಳುವುದು ಎಷ್ಟು ಕಷ್ಟವೆಂದು ಅವರಿಗೆ ಹೊಳೆಯಲೇ ಇಲ್ಲ.

ನನ್ನ ತಂಗಿ ಹುಲಿಗೆಮ್ಮನ ಬೆನ್ನಿಗೆ ಈ ಸಲವೂ ನಾನೇ ಪ್ರೋಬ್ ಇಟ್ಟೆ. ಪರದೆ ಬೆಳಗಿತು, ನನ್ನ ಮೈಯೆಲ್ಲ ಉರಿಯಿತು. ಆಮೇಲೆ ಅವಳು ನನ್ನದನ್ನು ನೋಡಿ, “ಅಕ್ಕಾ, ಈ ಸಲಾನೂ ಅಂಚು ಕರ್ರಗ ಐತಿ,” ಎಂದಳು. ಆ ದನಿಯಲ್ಲಿದ್ದ ಕನಿಕರ ಕಂಡರೆ ನನಗಾಗುವುದಿಲ್ಲ. ನನ್ನ ಮಗಳು ಚನ್ನಿಗೆ ಆರು ವರ್ಷ. ಅವಳಿಗೆ ಒಡಹುಟ್ಟಿದವರಿಲ್ಲದ ಕಾರಣ ಪ್ರೋಬ್ ಹಿಡಿದವಳು ನಾನೇ. ತುಂಬು ಹೊಳಪು. ಖುಷಿಯೂ ಆಯಿತು, ಕೈಜಾರಿ ಹೋದಳು ಅಂತಲೂ ಅನ್ನಿಸಿತು.

ಅಂದಿನಿಂದ ಅವಳು ಚಿಗವ್ವ ಹುಲಿಗೆಮ್ಮನ ಕೈ ಹಿಡಿದು ಮೇಲೆ ಹೋಗುತ್ತಾಳೆ. ಕೃಷ್ಣೆಯ ದಂಡೆಯಲ್ಲಿ ಸಸಿ ನೆಡುತ್ತಾರೆ. ಮಗಳಿಗೆ ಈಜು ಕಲಿಸಿದವಳು ನನ್ನ ತಂಗಿ. ಮೊದಲ ಹಲ್ಲು ಬಿದ್ದಾಗ ಅದನ್ನು ಅಂಗೈಯಲ್ಲಿ ಹಿಡಿದವಳೂ ಅವಳೇ. ಸಂಜೆ ಚನ್ನಿ ಇಳಿದು ಬಂದರೆ ಚಿಗವ್ವ ಹೆಣೆದ ಜಡೆ ಬಿಚ್ಚಿ ನನ್ನ ರೀತಿಯಲ್ಲಿ ಹಾಕುತ್ತೇನೆ. ಮರುದಿನ ಅದು ಮತ್ತೆ ಅವಳ ರೀತಿಯಲ್ಲೇ ವಾಪಸು ಬರುತ್ತದೆ.

ನಿಮ್ಮ ಮೇಲೂ ನನಗೆ ಹೊಟ್ಟೆಕಿಚ್ಚೇ. ನೀವು ಮಧ್ಯಾಹ್ನ ಕೆಲಸ ಬಿಟ್ಟೆದ್ದು, ಬಿಸಿಲಲ್ಲೇ ನಡೆದು, ರಸ್ತೆ ಬದಿ ನಿಂತು ಮಜ್ಜಿಗೆ ಕುಡಿದು, ಎಂಥ ಸೆಕೆ ಎಂದು ಬೈದು ವಾಪಸು ಬರುತ್ತೀರಿ. ಯಾರ ಅಪ್ಪಣೆಯೂ ಬೇಡ. ಮಗಳಿದ್ದರೆ ಶಾಲೆಯಿಂದ ನೀವೇ ಕರೆತರುತ್ತೀರಿ, ದಾರಿಯಲ್ಲಿ ಅವಳ ಹರಟೆಗೆ ಬೇಸರವನ್ನೂ ಪಡುತ್ತೀರಿ. ಆ ಬೇಸರ ನನಗೆ ಬೇಕಿತ್ತು.

ಒಂದು ಬೇಡಿಕೆ ಇದೆ. ನಿಮ್ಮ ಪ್ರಯೋಗವನ್ನು ಇಲ್ಲಿ ಮಕ್ಕಳಿಗೆ ಕಲಿಸುತ್ತಾರೆ. ಬಹುಪಾಲು ಇಲಿಗಳನ್ನು ಔಷಧ ಕಾಪಾಡಿತಂತೆ. ಅದು ಹಿಡಿಯದ ಕೆಲವನ್ನು, ಸರಾಸರಿ ಕೆಡುತ್ತದೆಂದು, ನೀವು ಬದಿಗಿಟ್ಟಿರಂತೆ. ನಿಮ್ಮ ನಂತರ ಬಂದವರೂ ಅದೇ ದಾರಿ ಹಿಡಿದರು. ಅವುಗಳ ಮೂತ್ರಪಿಂಡದ ಅಂಚು ಏಕೆ ಕಪ್ಪಾಗಿ ಉಳಿಯಿತೆಂದು ಯಾರೂ ಕೇಳಲಿಲ್ಲ. ನಿಮ್ಮ ಗುರುಗಳು ‘ಬಿಡಮ್ಮಾ ಅದನ್ನ’ ಎಂದರೂ ದಯವಿಟ್ಟು ಬಿಡಬೇಡಿ. ಆ ಇಲಿಗಳನ್ನು ಮತ್ತೊಮ್ಮೆ ನೋಡಿ. ತಂಗಿಯ ಹೊಳಪು ಆರಲಿ ಎಂದು ನಾನು ಕೇಳುತ್ತಿಲ್ಲ, ಅಷ್ಟು ಕೆಟ್ಟವಳಲ್ಲ. ಅವಳ ಪಕ್ಕದಲ್ಲಿ ನನಗೂ ಒಂದಿಷ್ಟು ಜಾಗ ಬೇಕು.

ನಿನ್ನೆ ಚನ್ನಿ ಚಿಗವ್ವನ ಜೊತೆ ಇಳಿದು ಬಂದು, “ಯವ್ವಾ, ನೀ ಯಾವಾಗ ಮ್ಯಾಲ ಬರ್ತಿ?” ಎಂದು ಕೇಳಿದಳು. ಮುಂದಿನ ಬೇಸಿಗೆಗೆ ನನಗೂ ಕಾಪು ಹಿಡಿಯುತ್ತದೆ, ಆಗ ಎಂದೆ. ಅವಳು ನಿಜವೇನು ಎಂಬಂತೆ ತಿರುಗಿ ಚಿಗವ್ವನ ಮುಖ ನೋಡಿದಳು.

ಇಂತಿ,
ಚನ್ನಿಯನ್ನು ಹೆತ್ತವಳು,
ಬಸಲಿಂಗಮ್ಮ