ಸಾಬಮ್ಮ ಹಾಕಿದ ಬೀಗ

ಹಲಸೂರು, ಬೆಂಗಳೂರು
೧೨ ಜುಲೈ ೧೯೯೬

ಪ್ರೀತಿಯ ಅವ್ವಾ,

ಮೊಣಕಾಲು ಹೇಗಿದೆ? ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲ ತಮ್ಮ ಭೀಮಾಶಂಕರನ ಮಕ್ಕಳ ಹಿಂದೆ ಓಡಾಡುತ್ತಲೇ ಇದ್ದೀಯೋ? ಅವನ ಹೆಂಡತಿ ಬೈದರೆ ನನ್ನ ಓಟು ಅವಳಿಗೇ. ನಾನು ಆರಾಮ ಅಂತ ಬರೆಯಬೇಕು. ಆದರೆ ನಿನ್ನೆಯಿಂದ ಹೆದರಿದ್ದೇನೆ ಅವ್ವಾ.

ಮಕ್ಕಳು ಯಾಕೆ ಶಾಲೆ ತಪ್ಪಿಸುತ್ತಾರೆ ಅನ್ನುವುದೇ ನನ್ನ ಸಂಶೋಧನೆ ಎಂದಾಗ "ಅದನ್ನ ತಿಳಕೊಳ್ಳಾಕ ಇಷ್ಟು ಓದಬೇಕೇನು?" ಎಂದು ನಕ್ಕಿದ್ದೆಯಲ್ಲ. ಕಾಲೇಜಿನ ಪಾಠ ಮುಗಿಸಿ ರಾಮಮೂರ್ತಿ ನಗರಕ್ಕೆ ಹೋಗಿ, ಅಲ್ಲಿನ ಮಹಿಳಾ ಸಂಘದ ಮಂಜುಳಮ್ಮನವರ ಜೊತೆ ಮನೆಮನೆ ತಿರುಗುತ್ತೇನೆ. ಎಲ್ಲ ನಮ್ಮ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರ ಬಾಡಿಗೆ ಕೋಣೆಗಳು. ಬೀಗ ಕಂಡರೆ ಊರಿಗೆ ಹೋಗಿದ್ದಾರೆಂದು ತಿಳಿದು ಮುಂದೆ ನಡೆಯುವುದು ನಮ್ಮ ವಾಡಿಕೆ. ಶಹಾಪುರದ ಸಾಬಮ್ಮನ ಬಾಗಿಲನ್ನೂ ಹಾಗೇ ಎಷ್ಟೋ ಸಲ ದಾಟಿದ್ದೆವು. ನಿನ್ನೆ ಒಳಗಿಂದ ಕೆಮ್ಮು ಕೇಳಿತು! "ಯಾರದೀರವ್ವಾ ಒಳಗ?" ಎಂದು ಸಂದಿಗೆ ಬಾಯಿಟ್ಟು ಕರೆದೆ. ಕಡೆಗೊಂದು ದನಿ, "ಅವ್ವ ಮಾತಾಡಬ್ಯಾಡ ಅಂದಾಳ್ರಿ." ಅವಳ ಮಗಳು ಕಾವೇರಿ, ಮೂರನೇ ಕ್ಲಾಸು. ಜೊತೆಗೆ ಅಂಬೆಗಾಲಿಡುವ ತಮ್ಮ. ಸಂದಿಯಲ್ಲಿ ಇಣುಕಿದರೆ ಕಿಟಕಿಯಿಲ್ಲದ ಕೋಣೆಯಲ್ಲಿ ಚಿಮಣಿ ದೀಪ ಉರಿಯುತ್ತಿದೆ, ಆ ಕೂಸು ಸೀಮೆಎಣ್ಣೆ ಡಬ್ಬಿ ಉರುಳಿಸಿದೆ. ಅಯ್ಯೋ ಶಿವನೇ! "ದೀಪ ಊದವ್ವಾ, ಊದು" ಎಂದೆ. ಊದಿದಳು. ಕತ್ತಲಿಗೆ ಕೂಸು ಕಿಟಾರನೆ ಚೀರಿತು. ಬೀಗ ಒಡೆಸಿ ಇಬ್ಬರನ್ನೂ ಸಂಘಕ್ಕೆ ಎತ್ತಿಕೊಂಡು ಬಂದೆವು.

ಸಂಜೆ ಕೆಲಸದಿಂದ ಬಂದ ಸಾಬಮ್ಮ ಮಕ್ಕಳನ್ನು ಅವುಚಿಕೊಂಡು ಅತ್ತಳು. ಮಂಜುಳಮ್ಮನವರು, "ಚಿಕ್ಕದನ್ನ ಸಂಘದವ್ರು ನೋಡ್ಕೋತೀವಿ, ದೊಡ್ಡೋಳ್ನ ಸ್ಕೂಲಿಗೆ ಕಳ್ಸಮ್ಮ" ಎಂದರು. ಅವಳು ಒಪ್ಪಲಿಲ್ಲ. "ಗುರ್ತಿಲ್ಲದ ಊರ್ರಿ, ಯಾರರ ಎತ್ಕೊಂಡು ಹೋದ್ರ? ನಮ್ಮ ಕಡೀ ಹಿರೇ ಜೀವ ಒಂದು ಇದ್ರ ಬಿಡ್ತಿದ್ನಿ." ಇಬ್ಬರನ್ನೂ ಕರೆದುಕೊಂಡು ಕೋಣೆಗೆ ಹೋದಳು.

ಮಕ್ಕಳಿಗೆ ಮುತ್ತು, ತಮ್ಮನಿಗೂ ಅವನ ಹೆಂಡತಿಗೂ ನನ್ನ ನೆನಪು ಹೇಳು. ನಿನ್ನ ಕಾಲಿಗೆ ನಮಸ್ಕಾರ.

ನಿನ್ನ ಮಗಳು,
ರೇವತಿ

ತಾ.ಕ.: ಅಂಚೆಗೆ ಹಾಕುವ ಮೊದಲು ಅಲ್ಲಿಗೆ ಹೋಗಿ ಬಂದೆ. ಸಾಬಮ್ಮ ಹೊಸ ಬೀಗ ಹಾಕಿಕೊಂಡು ಕೆಲಸಕ್ಕೆ ಹೋಗಿದ್ದಾಳೆ, ಹಳೆಯದಕ್ಕಿಂತ ದೊಡ್ಡದು. ಎಷ್ಟು ಕರೆದರೂ ಕಾವೇರಿ ಮಾತಾಡಲಿಲ್ಲ. ಕೂಸಿನ ಗೆಜ್ಜೆ ಸದ್ದಾಯಿತು, ಯಾರೋ ಕಾಲು ಹಿಡಿದುಕೊಂಡಂತೆ ತಟ್ಟನೆ ನಿಂತಿತು. ಮಂಜುಳಮ್ಮನವರನ್ನು ಬಾಗಿಲಲ್ಲೇ ಕೂರಿಸಿ ಬಂದಿದ್ದೇನೆ; ದಿನವೂ ಹೀಗೆ ಯಾರು ಕೂರುತ್ತಾರೆ? ಕಾಗದ ಮುಟ್ಟಿದ ಕೂಡಲೇ ಯಾದಗಿರಿಯಲ್ಲಿ ರೈಲು ಹತ್ತು ಅವ್ವಾ, ಇಲ್ಲಿ ದಂಡು ಸ್ಟೇಷನ್ನಿನಲ್ಲಿ ದಿನಾ ಕಾಯುತ್ತೇನೆ. ನಿನ್ನ ಕೈಗಾದರೆ ಅವಳು ಕೀಲಿ ಕೊಡುತ್ತಾಳೆ.