ಬೀಗಕ್ಕೊಂದು ಸನ್ಮಾನಪತ್ರ

ಲಕ್ಷ್ಮೇಶ್ವರ
೧೭ ಆಗಸ್ಟ್ ೨೦೨೫, ರವಿವಾರ

ಅಕ್ಕರೆಯ ಸುಮಿತ್ರಕ್ಕನಿಗೆ ನಿನ್ನ ತಮ್ಮ ಸಿದ್ದಾರೂಢನ ನಮಸ್ಕಾರಗಳು.

ಮೊಣಕಾಲು ನೋವು ಹೇಗಿದೆ? ಹೊಲದಲ್ಲಿ ಹೆಸರುಕಾಯಿ ಬಿಡಿಸಲು ದಿನವಿಡೀ ಬಗ್ಗಿ ನಿಲ್ಲಬೇಡವೆಂದು ಡಾಕ್ಟರು ಹೇಳಿದ್ದನ್ನು ನೀನು ಕೇಳಿರಲಾರೆ, ನನಗೆ ಗೊತ್ತು. ನಿಮ್ಮೂರು ಡೋಣಿಯಲ್ಲಿ ಮಳೆ ಬಿಡುವು ಕೊಟ್ಟಿದೆಯೇ? ಮಾವನವರ ಕೆಮ್ಮು ಕಡಿಮೆಯಾಯಿತೇ? ನಾವೆಲ್ಲ ಆರಾಮ ಇದ್ದೇವೆ. ಫೋನಿನಲ್ಲಿ ಎರಡು ಸಲ ಹೇಳಹೊರಟರೂ ಬಾಯಿ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಕಳೆದ ತಿಂಗಳ ಕೊನೆಯಲ್ಲಿ ಹತ್ತನೆಯ ತರಗತಿಗೆ ಇಂಗ್ಲಿಷಿನಲ್ಲಿ ವಿಡಂಬನೆಯ ಪಾಠವಿತ್ತು. ಹೊಗಳಿದಂತೆ ಮಾಡಿ ತಪ್ಪನ್ನು ತೋರಿಸುವ ಬರವಣಿಗೆ ಅದು. ನಿಮ್ಮ ಸುತ್ತಲಿನದೇ ಏನಾದರೂ ಬರೆದು ತನ್ನಿ ಎಂದೆ. ಹೆಚ್ಚಿನವರು ಬಸ್ಸು, ಹಂದಿ, ಮೊಬೈಲು ಎಂದು ಬರೆದಿದ್ದರು. ಗುಲ್ನಾಜ ಎಂಬ ಹುಡುಗಿ, ದರ್ಜಿ ಮಾಶಾಕನ ಮಗಳು, ಮೂರು ವರ್ಷದಲ್ಲಿ ಹಾಜರಿಗೆ ಬಿಟ್ಟರೆ ಬಾಯಿ ತೆರೆಯದವಳು, ನಮ್ಮ ಶಾಲೆಯ ಒಂದು ಬೀಗಕ್ಕೆ ಸನ್ಮಾನಪತ್ರ ಬರೆದಿದ್ದಳು. ಒಂದು ದಿನವೂ ರಜೆ ಹಾಕದ, ಬಿಸಿಲು ಮಳೆಗೆ ಅಂಜದೆ ಹುಡುಗಿಯರ ಶೌಚಾಲಯವನ್ನು ಹುಡುಗಿಯರಿಂದ ಕಾಪಾಡಿದ, ಸಾಹೇಬರು ತಪಾಸಣೆಗೆ ಬಂದ ದಿನ ಮಾತ್ರ ಬಾಗಿಲು ಬಿಟ್ಟುಕೊಡುವ ಕರ್ತವ್ಯನಿಷ್ಠ ಬೀಗವಂತೆ! ತಪ್ಪು ಇಂಗ್ಲಿಷಿನಲ್ಲೇ ಓದಿದಳು. ಹುಡುಗರು ಬೆಂಚು ಬಡಿದು ನಕ್ಕರು, ನಾನೂ ನಕ್ಕೆ. ನೋಡಿದರೆ ಹುಡುಗಿಯರಲ್ಲಿ ಒಬ್ಬಳೂ ನಗುತ್ತಿರಲಿಲ್ಲ. ಯಾಕೆಂದು ಕೇಳಿದ್ದಕ್ಕೆ ಮುಂದಿನ ಬೆಂಚಿನ ಸುಶ್ಮಿತಾ ತಲೆ ಎತ್ತದೆ, "ನಾವು ಮನಿ ಮುಟ್ಟೂ ತನಕ ನೀರ ಕುಡಿಯಂಗಿಲ್ರಿ ಸರ್" ಎಂದಳು. ಒಂಬತ್ತು ವರ್ಷದಿಂದ ಆ ಬಾಗಿಲ ಮುಂದೆಯೇ ಬೈಕು ನಿಲ್ಲಿಸುತ್ತಿದ್ದೇನೆ, ಅಕ್ಕಾ.

ಸಂಜೆಯೊಳಗೆ ಮಾತು ಹೆಡ್‌ಮಾಸ್ತರರ ಕಿವಿಗೆ ಬಿತ್ತು. ಹುಡುಗಿ ಕ್ಷಮಾಪತ್ರ ಬರೆದುಕೊಡಲಿ, ಇಲ್ಲವಾದರೆ ತಂದೆಯನ್ನು ಕರೆಸಿ ಟಿ.ಸಿ. ಕೊಡುತ್ತೇನೆ ಎಂದರು. ನಾನು ಏನು ಮಾಡಿದೆ ಗೊತ್ತೇ? ಹಾಳೆ, ಪೆನ್ನು ಹಿಡಿದು ಅವಳ ಹತ್ತಿರ ಹೋಗಿ, "ಬರದ ಕೊಟ್ಟಬಿಡವಾ, ಪರೀಕ್ಷಾ ವರ್ಷ ಐತಿ" ಎಂದೆ. ಅವಳು ಪೆನ್ನು ತೆಗೆದುಕೊಂಡಳು, ಬರೆಯಲಿಲ್ಲ. "ನಾ ಬರದದ್ದರಾಗ ಸುಳ್ಳು ಯಾವದೈತಿ ತೋರಸ್ರಿ ಸರ್. ಅದಕ್ಕಷ್ಟ ಕ್ಷಮಾ ಕೇಳತೇನ್ರಿ" ಎಂದಳು. ನಾನು ಹಾಳೆ, ಪೆನ್ನು ತಿರುಗಿ ಇಸಿದುಕೊಂಡೆ. ಅದೇ ಹಾಳೆಯ ಮೇಲೆ, ಆ ಸನ್ಮಾನಪತ್ರ ಬರೆಯಿಸಿದವನು ನಾನು, ಅದರಲ್ಲಿರುವುದೆಲ್ಲ ನಿಜ, ಬೀಗದ ಕೈ ನನಗೆ ಕೊಡಬೇಕು ಎಂದು ಬರೆದು ಸಹಿ ಹಾಕಿ ಹೆಡ್‌ಮಾಸ್ತರರಿಗೆ ಒಯ್ದು ಕೊಟ್ಟೆ. ಅವರು ಅದನ್ನು ಓದಿ ಕೀಲಿಕೈಯನ್ನು ಮೇಜಿನ ಮೇಲೆ ಒಗೆದರು. "ನೀರಿಲ್ಲ, ತೊಳಿಯಾವ್ರಿಲ್ಲ. ಮಾಡ್ಕೋರಿ ನೀವ" ಎಂದರು.

ಎರಡು ವಾರವಾಯಿತು. ಮುಂಜಾನೆ ನಾನೇ ಬೇಗ ಹೋಗಿ ತೊಳೆದು ಡ್ರಮ್ಮಿಗೆ ನೀರು ತುಂಬುತ್ತೇನೆ. ಉಳಿದ ಮಾಸ್ತರರು ಮೊದಮೊದಲು ನಕ್ಕರು, ಈಗ ಪಿ.ಟಿ. ಮಾಸ್ತರ ಸಕ್ರಪ್ಪನವರು ಬಂದು ಪೈಪು ಹಿಡಿಯುತ್ತಾರೆ. ಆಡಳಿತ ಮಂಡಳಿಯಿಂದ ನನಗೆ ನೋಟಿಸು ಬಂದಿದೆ, ಏನಾಗುತ್ತದೋ ತಿಳಿಯದು. ಮೊನ್ನೆ ಗುಲ್ನಾಜ ಪಾಠದ ನಡುವೆ ಬಾಟಲಿ ತೆಗೆದು ಎಲ್ಲರೆದುರು ಗಟಗಟ ನೀರು ಕುಡಿದಳು. ಅವಳು ಮುಗಿಸುವವರೆಗೆ ನಾನು ಪಾಠ ನಿಲ್ಲಿಸಿ ನಿಂತಿದ್ದೆ.

ಮಾವನವರಿಗೆ ಶರಣು ಹೇಳು. ನಿನ್ನ ಕೈ ನನ್ನ ತಲೆಯ ಮೇಲಿರಲಿ.

ನಿನ್ನ ತಮ್ಮ,
ಸಿದ್ದಾರೂಢ

ತಾ.ಕ.: ಲಕೋಟೆ ಅಂಟಿಸುವ ಮುನ್ನ ಇಷ್ಟು ಬರೆಯಲೇಬೇಕು. ನೀನು ಒಂಬತ್ತನೆಯ ತರಗತಿಗೆ ಶಾಲೆ ಬಿಟ್ಟಾಗ "ಅಕಿಗೆ ವಿದ್ಯಾ ಹತ್ತಲಿಲ್ಲ" ಎಂದು ಅಪ್ಪ ಊರಿಗೆಲ್ಲ ಹೇಳಿದ. ಇಷ್ಟು ವರ್ಷ ನಾನೂ ಅದನ್ನೇ ಹೇಳಿಕೊಂಡು ಬಂದೆ. ನನಗೆ ಅ ಆ ತಿದ್ದಿಸಿದವಳು ನೀನು. ಆ ಶಾಲೆಯಲ್ಲಿ ಹುಡುಗಿಯರಿಗೆಂದು ನಾಲ್ಕು ಗೋಡೆಯೂ ಇರಲಿಲ್ಲವೆಂಬುದು ಈಗ ನೆನಪಾಗುತ್ತಿದೆ. ಅಕ್ಕಾ, ಖರೆ ಹೇಳು, ಅದಕ್ಕೇ ಬಿಟ್ಟೆಯಾ?