ಮೆಟ್ಟಿಲ ಮೂಲೆಯ ಕುಂಕುಮ

ಕ್ರಿ.ಶ. ೨೩೮೮, ಫೆಬ್ರವರಿ ಮೂವತ್ತೊಂದು

ಮಾನ್ಯ ಪೂರ್ವಜರೇ,

ಸಮಸ್ತ ಮನುಕುಲಕ್ಕೆ ಈ ಮೂಲಕ ಘೋಷಿಸುವುದೇನೆಂದರೆ, ನಮ್ಮೂರಿನ ಹಳೆಯ ಎದೆರೋಗದ ಆಸ್ಪತ್ರೆಯಲ್ಲಿ, ಎರಡನೇ ಮಹಡಿಗೆ ಹೋಗುವ ಮೆಟ್ಟಿಲಿನ ಎಡಮೂಲೆಯ ಕೆಂಪು ಕಲೆ ಏನೆಂಬುದು ಕೊನೆಗೂ ಪತ್ತೆಯಾಗಿದೆ. ಫೆಬ್ರವರಿಯನ್ನು ನಾವು ಸ್ವಲ್ಪ ಎಳೆದು ಉದ್ದ ಮಾಡಿದ್ದೇವೆ. ಅದರಂತೆ ನನ್ನ ಮಾತೂ ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ.

ಆ ಮೂಲೆಯಲ್ಲಿ ನೀವು ಅಂಟಿಸಿದ ದೇವರ ಟೈಲ್ಸುಗಳಿವೆ. ಗಣಪತಿ, ಏಸು, ಮೆಕ್ಕಾ, ಎಲ್ಲರೂ ಒಂದೇ ಸಾಲಿನಲ್ಲಿ, ಮಂಡಿಯೆತ್ತರಕ್ಕೆ. ಆಹಾ, ಹೆಜ್ಜೆಹೆಜ್ಜೆಗೂ ದೇವರನ್ನಿಟ್ಟ ಜನ ಎಂದು ನಾವು ಕರಗಿಹೋದೆವು. ಟೈಲ್ಸುಗಳ ಸಂದಿನ ಕೆಂಪು, ನೀವು ಎರಚಿದ ಕುಂಕುಮವೆಂದೇ ನಂಬಿದೆವು. ಅಲ್ಲಿಯೇ ತಾಳಿ ಕಟ್ಟುವುದು, ಮದುವಣಗಿತ್ತಿ ಒದ್ದೆ ಬೆರಳಿನಿಂದ ಆ ಕೆಂಪನ್ನು ಉಜ್ಜಿ ಹಣೆಗಿಟ್ಟುಕೊಳ್ಳುವುದು ನಮ್ಮೂರ ಸಂಪ್ರದಾಯವಾಯಿತು.

ಈಗ ನನ್ನ ಅಕ್ಕನ ಮಗಳು ಪಂಪಾವತಿಯ ಮದುವೆ. ಅವಳದು ಉಸಿರುಗಾವಲಿನ ಕೆಲಸ. ಎಂದರೆ ಮನೆಮನೆಗೆ ಹೋಗಿ ಜನರ ಎದೆಗೆ ಕಿವಿಗೊಡುವ ಸರ್ಕಾರಿ ಕೆಲಸ. ಕಂಡದ್ದನ್ನೆಲ್ಲ ಪರೀಕ್ಷಿಸುವ ಚಾಳಿ ಅವಳಿಗೆ. ಹಣೆಗಿಡುವ ಮೊದಲು ಆ ಕೆಂಪನ್ನೂ ಚೂರು ಕೆರೆದು ಪರೀಕ್ಷಿಸಿದಳು. ಎಲೆ, ಅಡಿಕೆ, ಸುಣ್ಣ, ಕಡ್ಡಿಪುಡಿ, ಮತ್ತು ನಿಮ್ಮ ಎಂಜಲು.

ನನ್ನ ತಾಯಿ ತಿಪ್ಪಮ್ಮನಿಗೆ ಸುದ್ದಿ ಮುಟ್ಟಿಸಿದವಳೂ ಅವಳೇ.

"ಹಂಗಾರೆ ನನ್ ಮದ್ವೇಲಿ ನಾನು ಹಣೆಗಿಟ್ಕಂಡಿದ್ದು ಯಾವನೋ ಉಗುಳೇನೇ?"

"ಹೂಂ ಕಣಜ್ಜಿ. ಒಬ್ಬಂದಲ್ಲ, ಸುಮಾರು ಜನದ್ದು."

"ದೇವ್ರ ಮ್ಯಾಲೆ ಉಗುಳ್ತಿದ್ರಾ ಬೇವರ್ಸಿಗಳು?"

"ಉಗುಳಬಾರ್ದು ಅಂತಾನೇ ದೇವ್ರನ್ನ ಅಂಟಿಸಿದ್ದು. ಅವ್ರು ಭಕ್ತರು ಕಣಜ್ಜಿ, ಸಂದಿ ನೋಡಿ ಉಗುಳ್ತಿದ್ರು."

ತಾಯಿ ಬಚ್ಚಲಿಗೆ ಓಡಿದರು. ಹಣೆ ತಿಕ್ಕಿದ ಸದ್ದು ಬೀದಿಗೆ ಕೇಳಿತು.

ಪೂರ್ವಜರೇ, ಮೇಲಿನ ಮಹಡಿಯಲ್ಲಿ ನಿಮ್ಮವರೇ ಗಾಳಿಗಾಗಿ ಬಾಯಿ ಬಿಡುತ್ತಿದ್ದರು. ನೀವು ಎಳನೀರು ಹಿಡಿದು ಅವರನ್ನು ನೋಡಲು ಬಂದವರು ನಡುವೆ ಈ ಮೆಟ್ಟಿಲಲ್ಲಿ ನಿಂತು ಬೀಡಿ ಹಚ್ಚಿದಿರಿ. ಎಳನೀರಿಗಿಂತ ಮೊದಲು ಹೊಗೆ ಮೇಲೇರಿತು. ನಿಮಗೆ ಯಾರೂ ಹೇಳಲಿಲ್ಲವೆನ್ನಲಾಗದು. ಗೋಡೆಗೆ ಬೋರ್ಡು ಹಾಕಿದರು, ಸಿನಿಮಾಕ್ಕೆ ಮುಂಚೆ ತೋರಿಸಿದರು, ಶಾಲೆಮಕ್ಕಳಿಂದ ಜಾಥಾ ಮಾಡಿಸಿದರು. ಹೊಗೆಸೊಪ್ಪಿನ ಪೊಟ್ಟಣದ ಮೇಲೆ ಕೊಳೆತ ಶ್ವಾಸಕೋಶದ ಚಿತ್ರವನ್ನೇ ಅಚ್ಚು ಹಾಕಿದರು. ನಮ್ಮ ಮ್ಯೂಸಿಯಮ್ಮಿನವರು ಅದನ್ನು ನೋಡಿ, ಒಳಗೆ ಅದೇ ಮಾಲು ಇರುತ್ತಿತ್ತೆಂದು ಫಲಕ ಬರೆದಿದ್ದಾರೆ. ತಿದ್ದಬೇಕೆಂದು ಹೊರಟೆ, ಯೋಚಿಸಿದ ಮೇಲೆ ಸರಿಯಾಗಿಯೇ ಇದೆ ಎನಿಸಿತು. ಅಷ್ಟೆಲ್ಲ ನೋಡಿಯೂ ನೀವು ಪೊಟ್ಟಣ ಹರಿದು ಬಾಯಿಗೆ ಸುರಿದುಕೊಂಡಿರಿ. ನಿಮ್ಮ ವಂಶದವನೆಂದು ಹೇಳಿಕೊಳ್ಳಲು ನನಗೆ ವಾಕರಿಕೆ ಬರುತ್ತದೆ.

ಈಗ ಮದುವೆ ನಿಂತಿದೆ. ಬೇರೆ ಕಡೆ ಮಾಡೋಣವೆಂದರೆ ತಾಯಿ ಒಪ್ಪುವುದಿಲ್ಲ: "ದೇವ್ರುನ್ನ ಆ ಹೊಲಸಿನಾಗೆ ಬಿಟ್ಟು ನಾವ್ ಎಲ್ಲಿಗೋ ಹೋಗಾದು? ಮೊದ್ಲು ಗೋಡೆ ತೊಳೀರಿ." ಬೀಗರು ಛತ್ರದಲ್ಲಿ ಕೂತಿದ್ದಾರೆ. ಮದುಮಗ ಪಂಚೆ ಎತ್ತಿ ಕಟ್ಟಿ ಉಜ್ಜುತ್ತಿದ್ದಾನೆ, ಪಂಪಾವತಿ ನೀರು ಹಾಕುತ್ತಿದ್ದಾಳೆ. ನಮ್ಮಲ್ಲಿ ಬಂಡೆ ಕರಗಿಸುವ ದ್ರಾವಣವಿದೆ. ದೇವರು ಕರಗಿಯಾರೆಂದು ಹಾಕುವಂತಿಲ್ಲ. ಶತಮಾನಗಳಿಂದ ಕಲ್ಲಾದ ನಿಮ್ಮ ಉಗುಳು ಒದ್ದೆ ಬೆರಳಿಗೆ ಚೂರು ಬಣ್ಣ ಬಿಟ್ಟೀತೇ ಹೊರತು ಬೇರೆ ಯಾವುದಕ್ಕೂ ಜಗ್ಗುತ್ತಿಲ್ಲ.

ಹೊಗೆಸೊಪ್ಪು ಬಿಡಿ ಎನ್ನುವುದಿಲ್ಲ. ಅದನ್ನು ನನಗಿಂತ ದೊಡ್ಡವರು ಹೇಳಿ ಸೋತರು. ಒಂದು ಸಣ್ಣ ಉಪಕಾರ ಸಾಕು. ನಿಮ್ಮ ಕಾಲದಲ್ಲಿ ಆ ಕಲೆ ಇನ್ನೂ ಹಸಿಯಾಗಿದೆ. ಈ ಸಂಜೆ ಆಸ್ಪತ್ರೆ ಕಡೆ ಹೋದರೆ ಒಂದು ಬಕೆಟ್ ನೀರು, ಒಂದು ಹಿಡಿ ಸೋಪಿನ ಪುಡಿ, ತೆಂಗಿನ ನಾರು ತೆಗೆದುಕೊಂಡು ಹೋಗಿ. ಗಣಪತಿಯ ಬಲಗಡೆಯ ಸಂದಿಯಿಂದ ಶುರುಮಾಡಿ, ಅಲ್ಲಿಯೇ ಜಾಸ್ತಿ ಇದೆ.